ಅಟ್ಟ ಹತ್ತಿದ ಮೋಡೆಮ್

ಅತ್ತಿಗೆಯ ಕೋಣೆಯಿಂದ "ಹಲೋ, ಕೇಳಿಸ್ತಿದೆಯಾ?" ಎಂಬ ಮಾತು ಎರಡನೇ ಸಲ ಬಂದರೆ ನನಗೆ ಒಳಗೊಳಗೇ ಸಮಾಧಾನವಾಗುತ್ತದೆ. ಮೂರನೇ ಸಲವೂ ಬಂದರೆ ತೊಳೆಯುತ್ತಿದ್ದ ತಟ್ಟೆಯನ್ನು ಕೈಯಲ್ಲೇ ಹಿಡಿದು, ನಲ್ಲಿ ನಿಲ್ಲಿಸಿ, ಕಿವಿಗೊಡುತ್ತೇನೆ. ಬರೀ ಕುತೂಹಲ ಅಂದುಕೊಂಡಿದ್ದೆ. ಇನ್ನೊಬ್ಬರ ಕೆಲಸ ಕೆಟ್ಟರೆ ಖುಷಿಪಡುವವಳಾಗಿಬಿಟ್ಟೆನಾ ಎಂದು ಇತ್ತೀಚೆಗೆ ಭಯವಾಗುತ್ತಿದೆ. ಡೈರಿಯಲ್ಲಿ ಒಂದು ಸಾಲು ಬರೆದೆ. ಮತ್ತೆ ಆ ಪುಟ ತೆಗೆಯಲಿಲ್ಲ.

ನಮ್ಮದು ಹಾಲ್ಕುರಿಕೆ ಪಕ್ಕದ ತೋಟದ ಮನೆ. ಅಪ್ಪ ದಯಾನಂದ ತೆಂಗು ನೋಡಿಕೊಳ್ಳುತ್ತಾರೆ. ಅಣ್ಣ ವಸಂತನಿಗೆ ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯಿದೆ. ಅಮ್ಮ, ಅಜ್ಜಿ ಹಾಲಮ್ಮ, ಬಿಎಸ್ಸಿ ಮುಗಿಸಿ ಮನೆಯಲ್ಲಿರುವ ನಾನು. ಈ ವರ್ಷದ ಮೊದಲಲ್ಲಿ ಅಣ್ಣನ ಮದುವೆಯಾಗಿ ವರ್ಷಿಣಿ ಅತ್ತಿಗೆ ತುರುವೇಕೆರೆಯಿಂದ ಬಂದರು. ತುಮಕೂರಿನ ಒಂದು ಕಂಪನಿಗೆ ಆಸ್ಪತ್ರೆಗಳ ಬಿಲ್ಲು ಸರಿನೋಡುವ ಕೆಲಸ ಅವರದು. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಮಾಡುತ್ತಾರೆ.

ನಾನು ಡಿಗ್ರಿ ಓದುವಾಗ ನೆಟ್ ಬೇಕೆಂದರೆ ಮಾಳಿಗೆ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಲ್ಲಬೇಕಿತ್ತು. ಮನೆಗೊಂದು ಕನೆಕ್ಷನ್ ಇದ್ದರೆ ಎಂದು ಅಮ್ಮನ ಹತ್ತಿರ ಒಂದು ಸಲ ಅಂದೆ. "ಓದಕ್ಕೆ ಪುಸ್ತಕ ಇಲ್ವೇನೇ?" ಅಂದರು ಅಮ್ಮ, ಒಗ್ಗರಣೆಗೆ ಸಾಸಿವೆ ಹಾಕುತ್ತ. ಅಲ್ಲಿಗೆ ಮುಗಿಯಿತು. ಅತ್ತಿಗೆ ಬಂದ ವಾರದಲ್ಲಿ ರಸ್ತೆಯ ಕಂಬದಿಂದ ನಮ್ಮ ಬಾಗಿಲವರೆಗೆ ಕಪ್ಪು ವಯರು ತೆಂಗಿನ ಮರದಿಂದ ಮರಕ್ಕೆ ಕಟ್ಟಿಸಿಕೊಂಡು ಬಂತು. ಮರಗಳೂ ಅವರ ಕಡೆಯೇ ಅನ್ನಿಸಿತು.

ಕನೆಕ್ಷನ್ ಕೊಡಲು ಬಂದವನು ಮೋಡೆಮ್ಮನ್ನು ನಡುಮನೆಯ ಗೋಡೆಗೆ ಹಾಕುತ್ತೇನೆ ಅಂದ. ಅಪ್ಪ ಒಪ್ಪಲಿಲ್ಲ. ಅಟ್ಟ ತೋರಿಸಿದರು.

"ನೀರಿನ ಟ್ಯಾಂಕ್ ಯಾಕಪ್ಪ ಮೇಲಿಡ್ತೀವಿ? ಮೇಲಿದ್ರೆ ಎಲ್ಲಾ ಕಡೀಕೂ ಇಳೀತದೆ."

ಅವನು ನಿಮ್ಮಿಷ್ಟ ಎಂದು ಏಣಿ ಹತ್ತಿದ. ಅಟ್ಟದ ತುದಿಯಲ್ಲಿ, ಹಿಂದಿನ ಗೋಡೆಯ ತೊಲೆಗೆ ಮೋಡೆಮ್ ಕೂತಿತು. ಮದುವೆ ಖರ್ಚಿಗೆಂದು ಕೊಬ್ಬರಿಯೆಲ್ಲ ಆಗತಾನೆ ಮಾರಿದ್ದರಿಂದ ಅಟ್ಟ ಖಾಲಿಯಿತ್ತು. ಅವನು ತನ್ನ ಫೋನಿನಲ್ಲಿ ಸ್ಪೀಡು ನೋಡುವ ಮುಳ್ಳನ್ನು ತೋರಿಸಿದ. ಅದು ಸರ್ರನೆ ಏರಿ ನೂರರ ಹತ್ತಿರ ನಿಂತಿತು. ಮಾರ್ಕೆಟ್ಟಿನಲ್ಲಿ ಕೊಬ್ಬರಿಗೆ ಒಳ್ಳೆ ರೇಟು ಕೂಗಿದಾಗ ನಗುವ ಹಾಗೆ ಅಪ್ಪ ನಕ್ಕರು. ಅಣ್ಣ ಎಲ್ಲರ ಫೋನಿಗೂ ಪಾಸ್‌ವರ್ಡ್ ಹಾಕಿಕೊಟ್ಟ. ಸ್ವಲ್ಪ ದಿನ ನನಗೂ ಚೆನ್ನಾಗಿತ್ತು.

ಮನೆಯ ರೀತಿ ಬದಲಾಯಿತು. ಅತ್ತಿಗೆಯ ಮೀಟಿಂಗ್ ಇದ್ದರೆ ಮಿಕ್ಸಿ ಹಾಕುವಂತಿಲ್ಲ. ಅಪ್ಪ ತೋಟದಿಂದ ಬಂದು ಜಗಲಿಯಲ್ಲಿ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಮೊದಲ ಬಿಸಿ ರೊಟ್ಟಿ ಅತ್ತಿಗೆಗೆ, ಪಾಪ ಅವಳು ಗಡಿಯಾರ ನೋಡಿಕೊಂಡು ಉಣ್ಣಬೇಕು ಎಂದು ಅಮ್ಮ. ನನ್ನ ಕೊನೆಯ ವರ್ಷದ ಭೌತಶಾಸ್ತ್ರ ಪರೀಕ್ಷೆಯ ಹಿಂದಿನ ದಿನ ಇದೇ ಅಪ್ಪ ನನ್ನ ಕಿಟಕಿಯ ಕೆಳಗೆ ಆಳುಗಳಿಂದ ಕಾಯಿ ಸುಲಿಸಿದ್ದರು, ಇದೇ ಅಮ್ಮ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದಿದ್ದರು. ಆಗ ಯಾರೂ ನನಗೆ ಪಾಪ ಅನ್ನಲಿಲ್ಲ. ಕೆಮ್ಮುತ್ತ ಓದಿದೆ.

ಯುಗಾದಿ ಕಳೆದ ಮೇಲೆ ಅಟ್ಟಕ್ಕೆ ಕಾಯಿ ಹಾಕಿಸಿದರು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾದ ಮೇಲೆಯೇ ಅದು ಕೊಬ್ಬರಿ. ಅಟ್ಟ ತೊಲೆ ಮುಟ್ಟುವಷ್ಟು ತುಂಬಿತು. ಮೋಡೆಮ್ಮಿನ ಹತ್ತಿರ ಹೋಗಲು ಒಬ್ಬರು ನುಸುಳುವಷ್ಟು ಸಂದು ಮಾತ್ರ ಬಿಟ್ಟಿದ್ದರು. ಸಿಪ್ಪೆಯ ದೂಳು ಬೀಳಬಾರದೆಂದು ಅಮ್ಮ ಅದಕ್ಕೊಂದು ಪ್ಲಾಸ್ಟಿಕ್ ಕವರು ತೊಡಿಸಿ, ಮೇಲೆ ಹಳೇ ರವಿಕೆ ಬಟ್ಟೆ ಹೊದಿಸಿದರು. ಅಮಾವಾಸ್ಯೆಯ ದಿನ ಅಜ್ಜಿ ನನ್ನನ್ನು ಏಣಿ ಹತ್ತಿಸಿ, ಕವರು ಸರಿಸಿ ನನ್ನ ಕೈಲೇ ಅದಕ್ಕೆ ಕುಂಕುಮ ಇಡಿಸಿದರು. ಕುಂಕುಮ ಗಾಳಿಯಾಡುವ ತೂತಿನೊಳಗೆ ಉದುರಿತು. ನಾನು ಹೇಳಲಿಲ್ಲ.

ಅಲ್ಲಿಂದ ನೆಟ್ ನಿಧಾನವಾಗತೊಡಗಿತು. ಅತ್ತಿಗೆಯ ಕೋಣೆ ಮುಂಬಾಗಿಲ ಪಕ್ಕ. ಮೀಟಿಂಗಿನ ನಡುವೆ ಮಾತು ತುಂಡಾಗುತ್ತಿತ್ತು, ಬಿಲ್ಲುಗಳು ತೆರೆಯುತ್ತಿರಲಿಲ್ಲ. ಅಪ್ಪ ಕನೆಕ್ಷನ್ನಿನವರನ್ನು ಬೈದರು. ಅವರು ಫೋನಿನಲ್ಲೇ ಕೇಳಿ, ದೀಪಗಳೆಲ್ಲ ಹಸಿರಾಗಿದ್ದರೆ ನಮ್ಮ ಲೈನು ಸರಿಯಿದೆ ಎಂದು ಇಟ್ಟುಬಿಟ್ಟರು. ಅಣ್ಣ ಇನ್ನೂ ದೊಡ್ಡ ಪ್ಲಾನಿಗೆ ಹೋಗೋಣ ಅಂದ. ಅಮ್ಮ ರಾತ್ರಿಯೆಲ್ಲ ಓಡಿ ಸುಸ್ತಾಗುತ್ತದೆಂದು ಊಟದ ಹೊತ್ತಿಗೆ ಮೋಡೆಮ್ಮಿನ ಸ್ವಿಚ್ ಆರಿಸಿ, ತಿಂದೆದ್ದು ಹಾಕುತ್ತಿದ್ದರು. ಅಜ್ಜಿಯ ಲೆಕ್ಕ ಬೇರೆ.

"ಪಕ್ಕದ ತೋಟದ ಈರೇಶ ದಿನಾ ನಮ್ಮ ಬೇಲೀಗೆ ಒರಗಿ ಫೋನ್ ಒತ್ತತಾ ಕೂತಿರ್ತಾನೆ. ಅವ್ನೇ ಕುಡೀತಾವ್ನೆ ಕಣ್ಲಾ ನಿನ್ ನೆಟ್ಟ."

ಅಜ್ಜಿ ಹೇಳಿದ್ದು ಸುಳ್ಳೂ ಇರಲಿಲ್ಲ. ಅಣ್ಣನೇ ಹಿಂದೊಮ್ಮೆ ಈರೇಶನಿಗೆ ಪಾಸ್‌ವರ್ಡ್ ಕೊಟ್ಟಿದ್ದ. ಅವತ್ತೇ ಅತ್ತಿಗೆ ಪಾಸ್‌ವರ್ಡ್ ಬದಲಾಯಿಸಿದರು. ಹೊಸದನ್ನು ಎಲ್ಲರಿಗೂ ಹಾಕಿಕೊಡಿ ಎಂದು ಅಣ್ಣನಿಗೆ ಹೇಳಿದ್ದು ನನಗೆ ಆಮೇಲೆ ಗೊತ್ತಾಗಿದ್ದು. ಅಣ್ಣ ಅಪ್ಪನ ಫೋನಿಗೆ ಹಾಕಿದ, ಅಮ್ಮನದಕ್ಕೆ ಹಾಕಿದ, ಧಾರಾವಾಹಿ ನೋಡುವ ಅಜ್ಜಿಯ ಟಿವಿಗೂ ಹಾಕಿದ. ನನ್ನನ್ನು ಮರೆತ.

ಈರೇಶನ ಸಾಲಿಗೆ ನನ್ನನ್ನೂ ಸೇರಿಸಿದ್ದಾರೆ ಅಂದುಕೊಂಡೆ. ಕೇಳಿದರೆ ನಾನೇ ಸಣ್ಣವಳಾಗುತ್ತೇನೆ. ಕೇಳಲಿಲ್ಲ. ಮರುದಿನ ಊಟಕ್ಕೆ ಕೂತಾಗ ಅತ್ತಿಗೆ ತಾವಾಗಿಯೇ ಕೇಳಿದರು.

"ಅನು, ನಿಂಗೆ ಬರ್ತಿದೆಯಾ?"

"ಹ್ಞೂಂ," ಅಂದೆ. ಮುದ್ದೆ ಮುರಿದು ನುಂಗಿದೆ. ಅವರು ಬೇಕೆಂದೇ ಕೇಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು.

ಹೀಗೆ ಮತ್ತೆ ನೀರಿನ ಟ್ಯಾಂಕಿನ ಪಕ್ಕಕ್ಕೆ ಬಂದೆ. ಆ ಹೊತ್ತಿಗೆ ತಿಪಟೂರಿನ ಒಂದು ಖಾಸಗಿ ಶಾಲೆಗೆ ವಿಜ್ಞಾನದ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಸಿಕ್ಕದಿದ್ದರೆ ಯಾರೂ ಸಮಾಧಾನ ಮಾಡುವುದು ಬೇಡ ಎಂದು. ಆಷಾಢದ ಗಾಳಿಯಲ್ಲಿ ಟ್ಯಾಂಕಿಗೆ ಬೆನ್ನುಕೊಟ್ಟು ನಿಂತು, ಶಾಲೆಯ ಮೇಡಂ ವೀಡಿಯೊ ಕಾಲಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಅವರ ಮುಖ ಚೌಕಚೌಕವಾಗಿ ಒಡೆಯುತ್ತಿತ್ತು. ನನ್ನದೂ ಅವರಿಗೆ ಹಾಗೇ ಕಂಡಿರಬೇಕು. ಕೊನೆಗೆ ಅವರು, ನಿಮ್ಮ ಮಾತು ಅರ್ಧ ಕೇಳಿಸಲಿಲ್ಲ, ಮುಂದಿನ ವಾರ ಎಂಟನೇ ತರಗತಿಯ ಘರ್ಷಣೆ ಪಾಠ ಮಾಡಿ ತೋರಿಸಿ, ದಯವಿಟ್ಟು ಒಳ್ಳೆ ನೆಟ್ ಇರುವ ಕಡೆ ಕೂತುಕೊಳ್ಳಿ ಅಂದರು. ಇನ್ನೊಂದು ಅವಕಾಶವಿಲ್ಲ ಎಂಬುದು ದನಿಯಲ್ಲೇ ಇತ್ತು.

ತಿರುಗಿ ನೋಡಿದರೆ ಅತ್ತಿಗೆ ಒಣಗಿದ ಬಟ್ಟೆ ತೆಗೆಯಲು ಬಂದು ನಿಂತಿದ್ದರು.

"ಇಲ್ಯಾಕೆ ನಿಂತ್ಕೊಂಡು ಮಾತಾಡ್ತಿದೀಯ? ಕೆಳಗೆ ವೈಫೈ ಇದೆಯಲ್ಲ."

"ಪಾಸ್‌ವರ್ಡ್ ಗೊತ್ತಿಲ್ಲ."

"ಅಂದ್ರೆ? ಬದ್ಲಾಯ್ಸಿದಾಗಿಂದ?"

ನಾನು ತಲೆ ತಗ್ಗಿಸಿದೆ. ಅವರು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನನ್ನ ಫೋನು ಕಸಿದುಕೊಂಡರು, ಪಾಸ್‌ವರ್ಡ್ ಒತ್ತಿದರು. ಒಂದೊಂದು ಅಕ್ಷರವನ್ನೂ ಕುಟ್ಟುವ ಹಾಗೆ. ಸಿಟ್ಟು ಅಣ್ಣನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

"ಕೇಳ್ಬೇಕು ಕಣೇ. ನಿಮ್ಮಪ್ಪ ತಾವಾಗೇ ನೆಟ್ ಹಾಕಿಸಿದ್ರು ಅಂದ್ಕೊಂಡಿದೀಯಾ? ಹೆಣ್ಣು ನೋಡಕ್ಕೆ ಬಂದ ದಿನ, ನೀನು ಬಂದಿರ್ಲಿಲ್ಲ, ಉಪ್ಪಿಟ್ಟು ಕೊಟ್ಟು ಅಲ್ಲೇ ಕೇಳ್ದೆ, ತೋಟದ ಮನೇಲಿ ನೆಟ್ ಹಾಕಿಸ್ತೀರಾ ಅಂತ. ನಮ್ಮಮ್ಮ ಒಳಗಿಂದ ನನ್ನ ಸೆರಗು ಎಳೀತಿದ್ರು."

ಇದನ್ನು ಕೇಳಿ ನನ್ನ ಹೊಟ್ಟೆಯ ಕಿಚ್ಚು ಆರಬೇಕಿತ್ತು. ಜಾಸ್ತಿಯಾಯಿತು. ಬೇರೆಯವರ ಮನೆಯಿಂದ ಬರುವವಳಿಗೆ, ಸೀರೆ ಉಟ್ಟು ತಲೆ ಬಗ್ಗಿಸಿ ಕೂರಬೇಕಾದ ದಿನವೇ ಬಾಯಿ ಬಂದಿತ್ತು. ಈ ಮನೆಯಲ್ಲೇ ಹುಟ್ಟಿದ ನನಗೆ ಬಂದಿರಲಿಲ್ಲ. ಕನೆಕ್ಷನ್ನಿಗಿಂತ ಹೆಚ್ಚಾಗಿ ಆ ಬಾಯಿ ಕಂಡು ಹೊಟ್ಟೆ ಉರಿಯಿತು.

ಆ ಸಂಜೆ ಅಣ್ಣನಿಗೆ ಕೋಣೆಯೊಳಗೆ ಬೈಗುಳ ಬಿತ್ತು. ಅಜ್ಜಿಯ ಟಿವಿ ನೆನಪಿತ್ತು, ತಂಗಿ ನೆನಪಾಗಲಿಲ್ವಾ ಎಂದು ಅತ್ತಿಗೆ ಕೇಳಿದ್ದು ಅಡಿಗೆಮನೆವರೆಗೂ ಬಂತು. ನನ್ನಿಂದ ಜಗಳವಾಯಿತೆಂದು ಅಮ್ಮ ನನ್ನನ್ನೇ ಗದರಿದರು.

ಪಾಸ್‌ವರ್ಡ್ ಬಂದರೂ ನನ್ನ ಕೋಣೆಯಲ್ಲಿ ನೆಟ್ ಇಲ್ಲವೇ ಇಲ್ಲ ಎಂಬಷ್ಟು ಇತ್ತು. ಸ್ಪೀಡಿನ ಮುಳ್ಳು ಎರಡರ ಹತ್ತಿರ ತೆವಳಿ ನಿಲ್ಲುತ್ತಿತ್ತು. ಎರಡು ದಿನ ಬಿಟ್ಟು ಅಜ್ಜಿ ಒಂದು ಕಾಯಿ ಇಳಿಸಿಕೊಡು ಅಂದರು. ಒಣಗಿದೆಯೋ ಇಲ್ಲವೋ ನೋಡುವುದು ಅವರ ಹವ್ಯಾಸ. ಅಟ್ಟ ಹತ್ತಿ ಸಂದಿನಲ್ಲಿ ನುಸುಳಿದೆ. ಈ ಭಾಗಕ್ಕೆ ಮಾಳಿಗೆಯಿಲ್ಲ, ಮೇಲೆ ಶೀಟಿನ ಕಾವು. ರವಿಕೆ ಬಟ್ಟೆಯ ಕೆಳಗೆ ಮೋಡೆಮ್ಮಿಗೆ ಕೈಯಿಟ್ಟರೆ ಆಗತಾನೆ ಕಾವಲಿಯಿಂದ ಇಳಿಸಿದ ರೊಟ್ಟಿಯ ಹಾಗೆ ಸುಡುತ್ತಿತ್ತು. ಬಟ್ಟೆ, ಕವರು ತೆಗೆದು, ದೂಳನ್ನೂ ಕುಂಕುಮವನ್ನೂ ಒರೆಸಿದೆ. ಸುಮ್ಮನೆ ಫೋನು ತೆಗೆದು ಸ್ಪೀಡು ನೋಡಿದೆ. ಮುಳ್ಳು ಎದ್ದು ಓಡಿ ತೊಂಬತ್ತು ದಾಟಿತು.

ಕೆಳಗಿಳಿದು ನೋಡಿದೆ. ಅದೇ ಎರಡು.

ಅಂದರೆ ಮನೆಗೆ ಬರುವ ನೆಟ್ ಪೂರಾ ಬರುತ್ತಿದೆ. ಅಟ್ಟದಿಂದ ಕೆಳಗೆ ಇಳಿಯುತ್ತಿಲ್ಲ. ಅಜ್ಜಿ ನಾನು ತಂದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗುಳುಗುಳು ಅಂದಿತು.

"ಇನ್ನೂ ನೀರು ಕಣವ್ವ. ಈ ಸತಿ ಅಟ್ಟದ ಮ್ಯಾಲೆ ಒಂದ್ ಕೆರೆನೇ ಐತೆ."

ವೈಫೈ ಅಲೆಯನ್ನು ನೀರು ಕುಡಿದುಬಿಡುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಮಾರ್ಕಿಗಾಗಿ ಓದಿದ್ದು. ಒಂದೊಂದು ಕಾಯಿಯೊಳಗೂ ಲೋಟದಷ್ಟು ನೀರು. ಮೋಡೆಮ್ಮಿಗೂ ನಮಗೂ ನಡುವೆ ಅಂಥ ಸಾವಿರಾರು. ಅಪ್ಪ ಮೋಡೆಮ್ಮನ್ನು ಕೆರೆಯ ಆಚೆ ದಡದಲ್ಲಿ ಕೂರಿಸಿ ಈಚೆ ದಡದಲ್ಲಿ ಕಾಯುತ್ತಿದ್ದರು.

ಯಾರಿಗೂ ಹೇಳಲಿಲ್ಲ. ಶಾಲೆಯ ಪಾಠದ ದಿನ ಅಟ್ಟ ಹತ್ತಿ ಮೋಡೆಮ್ಮಿನ ಪಕ್ಕ ಕೂರುವುದು ಎಂದು ತೀರ್ಮಾನ ಮಾಡಿದೆ. ಆ ಅರ್ಧ ಗಂಟೆ ನೆಟ್ ಪೂರಾ ನನ್ನದು, ಮನೆಯಲ್ಲಿ ಯಾರಿಗೂ ಇಲ್ಲದಷ್ಟು. ಹಿಂದಕ್ಕೆ ಕಾಣಲು ಒಂದು ಬಿಳಿ ಪಂಚೆಯನ್ನು ಕಾಯಿಗಳ ಮೇಲೆ ಹೊದಿಸಿದರಾಯಿತು. ಹೀಗೆ ಯೋಚಿಸುವಾಗ ನನಗೆ ತುಂಬ ಹಿತವಾಗಿತ್ತು.

ಶುಕ್ರವಾರ ಊಟದ ಹೊತ್ತಿಗೆ ಅತ್ತಿಗೆ ತಟ್ಟೆಯ ಮುಂದೆ ಕೂತು ಅನ್ನ ಕಲಸಲಿಲ್ಲ. ನೆಟ್ ಸರಿಹೋಗದಿದ್ದರೆ ಮುಂದಿನ ತಿಂಗಳಿಂದ ಆಫೀಸಿಗೇ ಬರಬೇಕೆಂದು ಕಂಪನಿಯವರು ಹೇಳಿದ್ದರು. ದಿನಾ ತುಮಕೂರಿಗೆ ಓಡಾಡಲಾಗದು, ಅಲ್ಲೇ ಹಾಸ್ಟೆಲ್ಲಿನಲ್ಲಿದ್ದು ಶನಿವಾರ ಬರುತ್ತೇನೆ ಅಂದರು. ಮದುವೆಯಾದ ಆರು ತಿಂಗಳಿಗೆ ಸೊಸೆ ಹಾಸ್ಟೆಲ್ ಸೇರಿದರೆ ಊರವರು ಏನಂದಾರು ಎಂದು ಅಮ್ಮ ಕಣ್ಣೊರೆಸಿಕೊಂಡರು. ಅಜ್ಜಿ, ಕೆಲಸ ಬುಟ್ಟುಬುಡು ಅತ್ಲಾಗೆ ಅಂದರು. ಅತ್ತಿಗೆ ಬಿಡುವುದಿಲ್ಲ ಎಂದಷ್ಟೇ ಹೇಳಿ ಎದ್ದರು. ಅಣ್ಣನೂ ಅನ್ನ ಬಿಟ್ಟೆದ್ದ. ನಾನು ಮಾತ್ರ ಮಜ್ಜಿಗೆವರೆಗೂ ಉಂಡೆ. ಅವರು ಹೋದರೆ ಮೊದಲ ಬಿಸಿ ರೊಟ್ಟಿ ನನಗೆ ಎಂಬ ಲೆಕ್ಕ ಆ ಹೊತ್ತಿನಲ್ಲೂ ತಲೆಯೊಳಗೆ ನಡೆಯುತ್ತಿತ್ತು.

ಶನಿವಾರ ಬೆಳಿಗ್ಗೆ ಪಾಠ ಒಮ್ಮೆ ಹೇಳಿ ನೋಡೋಣವೆಂದು ಅಟ್ಟ ಹತ್ತಿದೆ. ಪಂಚೆ ಹೊದಿಸಿ, ಕಾಯಿಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತೆ. ಫೋನಿನಲ್ಲಿ ನೆಟ್ಟಿನ ಗೆರೆಗಳು ತುಂಬಿಕೊಂಡಿದ್ದವು. "ಮಕ್ಕಳೇ" ಅಂದೆ. ಅಷ್ಟರಲ್ಲಿ ಕೆಳಗೆ ಮುಂದಿನ ಕೋಣೆಯಿಂದ ದನಿ ಕೇಳಿತು.

"ಹಲೋ, ಕೇಳಿಸ್ತಿದೆಯಾ?"

ನಾನು ಕಾದೆ.

"ಹಲೋ... ಸರ್, ನಂಗೆ ನಿಮ್ಮ ದನಿ ಬರ್ತಿಲ್ಲ... ಹಲೋ."

ಮೂರನೆಯದು ಬಂತು. ಅಭ್ಯಾಸದಂತೆ ಬರಬೇಕಾಗಿದ್ದ ಸಮಾಧಾನ ಮಾತ್ರ ಬರಲಿಲ್ಲ. ಟ್ಯಾಂಕಿನ ಪಕ್ಕ ನಿಂತು ನಾನೂ ಮೇಡಮ್ಮಿಗೆ ಇದೇ ದನಿಯಲ್ಲಿ ಇದೇ ಮಾತು ಹೇಳಿದ್ದೆ. ಅಳು ಬರದ ಹಾಗೆ ತಡೆದುಕೊಂಡ ದನಿ. ಲ್ಯಾಪ್‌ಟಾಪ್ ಮುಚ್ಚಿದ ಸದ್ದಾಯಿತು.

ಪಂಚೆ ಮಡಿಸಿಕೊಂಡು ಇಳಿದೆ. ಅಪ್ಪ ಜಗಲಿಯಲ್ಲಿ ಅಣ್ಣನ ಜೊತೆ ಕನೆಕ್ಷನ್ ಕಿತ್ತು ಬಿಸಾಕಿಸುವ ಮಾತಾಡುತ್ತಿದ್ದರು. ಲೈನು ಸರಿಯಿದೆ, ಅಡ್ಡ ಇರುವ ಕಾಯಿಯ ನೀರು ನೆಟ್ ಕುಡಿಯುತ್ತಿದೆ, ಬಟ್ಟೆ ಹೊದಿಸಿದ್ದಕ್ಕೆ ಮೋಡೆಮ್ಮಿಗೆ ಉಸಿರುಕಟ್ಟಿತ್ತು, ಅದನ್ನು ಅಟ್ಟದಿಂದ ಇಳಿಸಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಅಷ್ಟು ಉದ್ದ ನಾನು ಅಪ್ಪನ ಮುಂದೆ ಮಾತಾಡಿದ್ದು ಕಡಿಮೆ. ಅವರು ಅಣ್ಣನ ಮುಖ ನೋಡಿದರು.

"ಕಾಯಿ ನೆಟ್ ಕುಡೀತದೇನ್ಲಾ?"

"ಈರೇಶ ಕುಡಿಯೋದಾದ್ರೆ ಕಾಯಿ ಯಾಕೆ ಕುಡೀಬಾರ್ದು," ಅಂದರು ಅಜ್ಜಿ ಒಳಗಿನಿಂದ.

ನಾನು ಫೋನು ಅಪ್ಪನ ಕೈಗೆ ಕೊಟ್ಟೆ. ಜಗಲಿಯಲ್ಲಿ ಮುಳ್ಳು ಎರಡಕ್ಕೆ ನಿಂತಿತು. ಅಟ್ಟ ಹತ್ತಿ ನೋಡಿ ಅಂದೆ. ಅಪ್ಪ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು. ಮೇಲೆ ಕಾಯಿಗಳು ಸರಿದ ಸದ್ದಾಯಿತು. ಆಮೇಲೆ "ಲೇ ವಸಂತ, ಬಾರ್ಲಾ ಇಲ್ಲಿ" ಎಂದು ಕರೆದರು.

ಇಬ್ಬರೂ ಸೇರಿ ಮೋಡೆಮ್ಮನ್ನು ಮಗುವಿನ ಹಾಗೆ ಇಳಿಸಿದರು. ಸುರುಳಿ ಸುತ್ತಿಟ್ಟಿದ್ದ ವಯರು ನಡುಮನೆಯವರೆಗೆ ಬಂತು. ಆ ವಯರನ್ನು ಮಡಿಸಿದರೆ ಒಳಗೆ ಗಾಜಿನ ಎಳೆ ಮುರಿಯುತ್ತದೆ ಎಂದೆ, ಅಣ್ಣ ಅದನ್ನು ದೊಡ್ಡ ಸುತ್ತಾಗಿ ಬಿಟ್ಟ. ಸ್ಟೂಲಿನ ಮೇಲಿಟ್ಟು ಸ್ವಿಚ್ ಹಾಕಿದರು. ದೀಪಗಳು ಒಂದೊಂದಾಗಿ ಹಸಿರಾದವು. ಅಮ್ಮ ರವಿಕೆ ಬಟ್ಟೆ ಹಿಡಿದುಕೊಂಡು ಬಂದರು. ಅದಕ್ಕೂ ಉಸಿರಾಡಬೇಕಂತೆ ಎಂದು ಅಪ್ಪ ಆಗಲೇ ತಿಳಿದವರ ಹಾಗೆ ತಡೆದರು. ಅತ್ತಿಗೆ ಲ್ಯಾಪ್‌ಟಾಪ್ ತಂದು ಮುಳ್ಳು ನೋಡಿದರು. ಎಂಬತ್ತು ದಾಟಿತು. ಅಮ್ಮ ಸೆರಗಿನಿಂದ ಮತ್ತೆ ಕಣ್ಣೊರೆಸಿಕೊಂಡರು, ಈ ಸಲ ನಗುತ್ತ.

ಅಪ್ಪನ ಮುಖದಲ್ಲಿ ಕೊಬ್ಬರಿ ರೇಟಿನ ನಗು ವಾಪಸು ಬಂತು.

"ಸರಿ ಹೋಯ್ತಲ್ಲ. ಇದ ಹೀಗೆ ಸ್ಟೂಲ್ ಮೇಲೆ ಬುಡದು ಬ್ಯಾಡ. ವರ್ಷಿಣಿ ರೂಮಲ್ಲೇ ಹಾಕ್ಸನ. ಅವಳ್ಗೇ ತಾನೆ ಬೇಕಾಗಿರದು. ಒಂದು ಗೂಡು ಮಾಡ್ಸಿ ಬಾಗ್ಲು ಇಡ್ಸಿದ್ರೆ ಇಲಿಯೂ ಬರಲ್ಲ, ದೂಳೂ ಬರಲ್ಲ."

ಅಣ್ಣ ಆಗಲೇ ಡ್ರಿಲ್ಲು ತರಲು ಹೊರಟ. ಅಮ್ಮ ಸರಿಯೆಂದರು. ಅತ್ತಿಗೆಯ ಕೋಣೆಗೂ ನನ್ನ ಕೋಣೆಗೂ ನಡುವೆ ಮಣ್ಣಿನ ಎರಡು ದಪ್ಪ ಗೋಡೆಗಳು. ಸೋಮವಾರ ನನ್ನ ಪಾಠ. ಅತ್ತಿಗೆ ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಬಾಯಿ ಬಿಡುವುದಾದರೆ ನೀನೇ ಬಿಡು ಎಂಬಂತೆ.

ಹೇಳುವುದಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣಗಳಿದ್ದವು. ನಡುಮನೆ ಮನೆಯ ಮಧ್ಯಕ್ಕಿದೆ, ಅಲೆ ನಾಲ್ಕೂ ಕಡೆಗೆ ಸಮನಾಗಿ ಹೋಗುತ್ತದೆ. ಗೂಡಿಗೆ ಬಾಗಿಲಿಟ್ಟರೆ ಗಾಳಿಯಾಡದೆ ಮತ್ತೆ ಕಾಯುತ್ತದೆ. ಅಷ್ಟು ಹೇಳಿದರೆ ಅಪ್ಪ ಒಪ್ಪುತ್ತಿದ್ದರು, ನಾನು ವಿಜ್ಞಾನದ ಹಿಂದೆ ಅಡಗಿಕೊಂಡು ಉಳಿಯುತ್ತಿದ್ದೆ. ಅಣ್ಣ ಡ್ರಿಲ್ಲಿನ ವಯರು ಬಿಡಿಸಿಕೊಳ್ಳುತ್ತ ವಾಪಸು ಬಂದ. ಅಪ್ಪ ಮೋಡೆಮ್ಮಿಗೆ ಕೈ ಹಾಕಿದರು.

ಸ್ಟೂಲಿನ ಅಂಚು ಹಿಡಿದುಕೊಂಡೆ.

"ಇಲ್ಲೇ ಇರ್ಲಿ ಅಪ್ಪ. ನಂಗೂ ಬೇಕು."